ಗುಹೆ ಡೈವಿಂಗಿಗೆ ಹೊರಟ ದೋಸ್ತಿಗೆ

ದೋಸ್ತಾ,

ನಿನ್ನ ಉದ್ದದ ವಾಯ್ಸ್ ಮೆಸೇಜ್ ಕೇಳಿದೆ. ಮಲ್ಪೆ ಕಡಲಲ್ಲಿ ಈಜು ಕಲಿತವನಿಗೆ, ನೇತ್ರಾಣಿಯಲ್ಲಿ ಅಷ್ಟು ಡೈವ್ ಮಾಡಿದವನಿಗೆ ನೀರು ತುಂಬಿದ ಗುಹೆಯೊಳಗೆ ಡೈವ್ ಮಾಡುವುದು ಎಂತ ದೊಡ್ಡ ವಿಷಯ, ನೇರ ಮೆಕ್ಸಿಕೋಗೆ ಟಿಕೆಟ್ ಮಾಡಿಬಿಡ್ಲಾ ಅಂತ ಕೇಳಿದ್ದೀಯ. ಬೇಡ ಮಾರಾಯ. ಈಗಲೇ ಬೇಡ. ಫೋನಲ್ಲಿ ಹೇಳಿದರೆ ಅರ್ಧಕ್ಕೇ ಬಾಯಿ ಹಾಕುತ್ತೀ, ಅದಕ್ಕೆ ಬರೆಯುತ್ತಿದ್ದೇನೆ. ಇನ್ನೂ ನಾಲ್ಕು ಜನ ಇದನ್ನೇ ಕೇಳಿದ್ದರು, ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಬೇಜಾರು ಮಾಡಬೇಡ.

ಕಡಲಲ್ಲಿ ಎಡವಟ್ಟಾದರೆ ಮೇಲೆ ಬರಬಹುದು. ನಿಧಾನಕ್ಕೆ ಬರಬೇಕು, ಆದರೂ ಬರಬಹುದು. ಗುಹೆಯಲ್ಲಿ ತಲೆಯ ಮೇಲೆ ಕಲ್ಲು. ಹೋದ ದಾರಿಯಲ್ಲೇ, ಹೋದಷ್ಟೇ ದೂರ ವಾಪಸ್ ಬಂದರೆ ಮಾತ್ರ ಗಾಳಿ. ನಾನು ಕಲಿತ ಗುಹೆ ಡೈವಿಂಗ್ ಕೋರ್ಸಿನ ಎಲ್ಲ ಪಾಠವೂ ಹುಟ್ಟುವುದು ಇಲ್ಲಿಂದಲೇ.

ಟ್ಯಾಂಕಿನ ಲೆಕ್ಕವನ್ನೇ ನೋಡು. ಒಳಗಿನ ಗಾಳಿಯ ಒತ್ತಡ 210 ಬಾರ್ ಇದ್ದರೆ 70 ಒಳಗೆ ಹೋಗಲಿಕ್ಕೆ, 70 ಹೊರಗೆ ಬರಲಿಕ್ಕೆ, ಉಳಿದ 70 ಮುಟ್ಟುವಂತಿಲ್ಲ. ಮೀಟರ್ 140 ತೋರಿಸಿತಾ, ಹೆಬ್ಬೆರಳು ಎತ್ತಬೇಕು, ಅಂದರೆ ಸಾಕು, ವಾಪಸ್ ಹೋಗುವ ಅಂತ, ಎದುರಿಗೆ ಎಂಥ ಚಂದದ ಜಾಗ ಇದ್ದರೂ. ಯಾರು ಎತ್ತಿದರೂ ಸರಿ, ಯಾಕೆ ಅಂತ ಕೇಳುವ ಹಾಗಿಲ್ಲ. ಆ ಕೊನೆಯ 70 ನಿನ್ನದಲ್ಲ, ಜತೆಗಾರನದ್ದು. ತೀರಾ ಒಳಗಿರುವಾಗ ಅವನ ಗಾಳಿ ಪೂರ್ತಿ ಹೋದರೆ ಇಬ್ಬರೂ ನಿನ್ನ ಟ್ಯಾಂಕಿನಿಂದಲೇ ಉಸಿರಾಡುತ್ತಾ ಬರಬೇಕಲ್ವಾ? ಹೆದರಿದವನು ಉಸಿರು ಜಾಸ್ತಿ ಎಳೆಯುತ್ತಾನೆ, ಹಾಗಾಗಿ ಅದೂ ಸಾಲದೇ ಹೋಗಬಹುದು. ಮೊದಲ ಹಂತದವರನ್ನು ಆರರಲ್ಲಿ ಒಂದು ಭಾಗ ಖರ್ಚಾದ ಕೂಡಲೇ ತಿರುಗಿಸುವ ಶಾಲೆಗಳೂ ಉಂಟು.

ಈ ನಿಯಮ ಯಾರೋ ಕುರ್ಚಿಯಲ್ಲಿ ಕೂತು ಬರೆದದ್ದಲ್ಲ. 1960, 70ರ ದಶಕಗಳಲ್ಲಿ ಅಮೆರಿಕದ ಫ್ಲೋರಿಡಾದ ಗುಹೆಗಳಲ್ಲಿ ತುಂಬ ಜನ ಸತ್ತರು. ಕಡಲ ಡೈವಿಂಗ್ ಕಲಿಸುವ ಮಾಸ್ಟ್ರುಗಳೂ ಅದರಲ್ಲಿದ್ದರು. ಶೆಕ್ ಎಕ್ಸ್‌ಲಿ ಅಂತ ಒಬ್ಬ ಗುಹೆ ಡೈವರ್ ಆ ಸಾವುಗಳನ್ನು ಒಂದೊಂದಾಗಿ ಕೆದಕಿ ನೋಡಿದ. ಹೊರಗಿನವರೆಗೆ ಲೈನ್, ಅಂದರೆ ದಾರಿ ತೋರುವ ದಾರ, ಇರಲಿಲ್ಲ, ವಾಪಸಿಗೆ ಬೇಕಾದಷ್ಟು ಗಾಳಿ ಉಳಿಸಿರಲಿಲ್ಲ, ಮಿತಿ ಮೀರಿ ಆಳಕ್ಕೆ ಇಳಿದಿದ್ದರು. ತಿರುಗಿ ತಿರುಗಿ ಇವೇ ಕಾರಣ. ತರಬೇತಿ ಬೇಕು, ಒಬ್ಬೊಬ್ಬರಿಗೆ ಮೂರು ಟಾರ್ಚ್ ಬೇಕು ಅನ್ನುವುದು ಆಮೇಲೆ ಸೇರಿತು. ಆ ಎಕ್ಸ್‌ಲಿಯೇ 1994ರಲ್ಲಿ ಮೆಕ್ಸಿಕೋದ ಸಕಟೋನ್ ಅನ್ನುವ ನೀರು ತುಂಬಿದ ಆಳದ ಗುಂಡಿಯಲ್ಲಿ ತಳ ಮುಟ್ಟಲು ಹೋಗಿ ತೀರಿಕೊಂಡ. ನಿನಗೆ ಗುಹೆಯಲ್ಲಿ ಸಿಕ್ಕಿಬಿದ್ದ ಥಾಯ್ಲೆಂಡಿನ ಹುಡುಗರ ಕತೆ ನೆನಪಿರಬೇಕು, 2018ರದ್ದು. ಅಲ್ಲಿ ಟ್ಯಾಂಕ್ ಇಟ್ಟು ವಾಪಸ್ ಬರುವಾಗ ಸತ್ತ ಸಮನ್ ಕುನನ್ ಮಾಜಿ ನೌಕಾ ಕಮಾಂಡೋ, ಗಟ್ಟಿ ಆಳು. ನಿನ್ನ ಈಜಿನ ಮೇಲೆ ನನಗೆ ಅನುಮಾನ ಇಲ್ಲ. ಈಜು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಅಂತ ಅಷ್ಟೇ ಹೇಳುವುದು.

ಕೋರ್ಸಿನ ಮುಕ್ಕಾಲು ಪಾಲು ಲೈನಿನದ್ದೇ. ರೀಲಿಗೆ ಸುತ್ತಿದ ತೆಳ್ಳಗಿನ ನೈಲಾನ್ ದಾರ. ಮೊದಲ ಕಟ್ಟು ಹೊರಗೆ, ನೇರ ಮೇಲೆ ಬರಲಿಕ್ಕಾಗುವ ಜಾಗದಲ್ಲಿ. ಅದು ಬಿಚ್ಚಿಹೋದರೂ ಇರಲಿ ಅಂತ ಎರಡನೆಯದು ಸ್ವಲ್ಪ ಒಳಗೆ. ಅಲ್ಲಿಂದ ಕಲ್ಲಿಗೆ ಸುತ್ತು ಹಾಕುತ್ತಾ, ಬಿಗಿ ತಪ್ಪದ ಹಾಗೆ ದಾರ ಬಿಡುತ್ತಾ ಹೋಗುವುದು. ಕಣ್ಣು ಕಾಣುವಾಗ ದಾರ ಎಲ್ಲಿ ಹೋದರೂ ನಡೆಯುತ್ತದೆ. ಕಾಣದಿದ್ದಾಗ ಅದು ಬಂಡೆ ಸಂದಿಗೆ ಜಾರಿದ್ದರೆ ನಿನ್ನ ಕೈ ಹೋಗುತ್ತದೆ, ಮೈ ಹೋಗುವುದಿಲ್ಲ. ಅದಕ್ಕೇ ನಮ್ಮ ಮಾಸ್ಟ್ರು ನಾವೇ ಎಳೆದ ಲೈನಿನಲ್ಲಿ ನಮ್ಮನ್ನೇ ಕಣ್ಣು ಕಟ್ಟಿ ಹೊರಗೆ ಕಳಿಸುತ್ತಿದ್ದರು. ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು, ದಾರ ಅದರೊಳಗೆ ಜಾರಬೇಕು, ಎಳೆಯುವ ಹಾಗಿಲ್ಲ. ಮಧ್ಯೆ ಪ್ಲಾಸ್ಟಿಕ್ಕಿನ ಸಣ್ಣ ಬಾಣ ಸಿಗುತ್ತದೆ. ಅದರ ಚೂಪು ತುದಿ ಯಾವ ಕಡೆಗೆ ಅಂತ ಬೆರಳಿಗೇ ಗೊತ್ತಾಗಬೇಕು, ಆ ಕಡೆಗೇ ಹೊರದಾರಿ. ಜತೆಗಾರ ಹಿಂದಿನಿಂದ ತೋಳು ಹಿಡಿದಿರುತ್ತಾನೆ. ತಳ್ಳಿದರೆ ಹೋಗು, ಎಳೆದರೆ ಹಿಂದೆ ಸರಿ, ಅದುಮಿದರೆ ನಿಲ್ಲು. ಮಾತು ಅಂದರೆ ಅಷ್ಟೇ.

ಅದಕ್ಕಿಂತ ಕಷ್ಟದ್ದು ತಪ್ಪಿಹೋದ ಲೈನ್ ಹುಡುಕುವುದು. ಮಾಸ್ಕ್ ಮುಚ್ಚಿ, ಲೈನಿನಿಂದ ದೂರ ಕೊಂಡುಹೋಗಿ, ಒಂದೆರಡು ಸುತ್ತು ತಿರುಗಿಸಿ ಬಿಟ್ಟುಬಿಡುತ್ತಾರೆ. ಆಗ ಹೋಗಲಿಕ್ಕಿಲ್ಲ, ಹುಡುಕಲಿಕ್ಕೂ ಇಲ್ಲ, ಸುಮ್ನೆ ಇರಬೇಕು. ಉಸಿರು ಹದಕ್ಕೆ ಬಂದ ಮೇಲೆ ಕೈಗೆ ಸಿಕ್ಕ ಕಲ್ಲಿಗೆ ಸ್ಪೂಲಿನ (ಜತೆಗಿರುವ ಸಣ್ಣ ಉರುಳೆಯ) ದಾರ ಕಟ್ಟಿ, ಅದನ್ನು ಬಿಡುತ್ತಾ ಒಂದು ದಿಕ್ಕಿಗೆ ಹೋಗಿ, ಕೈ ಮೇಲೆ ಕೆಳಗೆ ಆಡಿಸಿ ನೋಡುವುದು, ಸಿಗದಿದ್ದರೆ ದಾರ ಸುತ್ತಿಕೊಂಡು ಕಟ್ಟಿದಲ್ಲಿಗೇ ಬಂದು ಇನ್ನೊಂದು ದಿಕ್ಕು ಹಿಡಿಯುವುದು. ಕಿವಿಗೆ ಬೀಳುವುದು ನಿನ್ನ ಗುಳ್ಳೆಗಳ ಸದ್ದು ಮಾತ್ರ. ನನಗೆ ಎಲ್ಲಕ್ಕಿಂತ ಇಷ್ಟವಾದ ಪಾಠ ಇದು, ನೀನು ಬಿದ್ದು ಒದ್ದಾಡುವುದೂ ಇದರಲ್ಲೇ ಅಂತ ನನ್ನ ಅಂದಾಜು. ಬಸ್ ಸ್ಟಾಪಲ್ಲಿ ಐದು ನಿಮಿಷ ನಿಲ್ಲಲಿಕ್ಕೆ ಆಗದ ಜನ ನೀನು.

ಚಂದ ಇಲ್ವಾ ಅಂತ ಕೇಳಿದ್ದಿ. ಉಂಟು, ಬೇಕಾದಷ್ಟು ಉಂಟು. ಮೆಕ್ಸಿಕೋದಲ್ಲಿ ಈ ಗುಹೆಗಳಿರುವ ಯುಕಟಾನ್ ಪ್ರದೇಶ ಪೂರ್ತಿ ಸುಣ್ಣಕಲ್ಲು. ಹಿಮಯುಗದಲ್ಲಿ ಸಮುದ್ರ ಕೆಳಗಿದ್ದಾಗ ಆ ಗುಹೆಗಳು ಒಣಗಿದ್ದವು, ಆಗ ಹನಿ ಹನಿಯಾಗಿ ಇಳಿದು ಬೆಳೆದ ಕಲ್ಲಿನ ಕಂಬಗಳು ಈಗ ನೀರಿನಡಿ ಇವೆ. ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು. ಎರಡೂ ಕಲಸಿದಲ್ಲಿ ಎದುರಿಗಿನದ್ದೆಲ್ಲ ಮಧ್ಯಾಹ್ನದ ಡಾಮರು ರಸ್ತೆಯ ಮೇಲಿನ ಗಾಳಿಯ ಹಾಗೆ ನಡುಗುತ್ತದೆ. 2018ರಲ್ಲಿ ಎರಡು ಗುಹೆಜಾಲ ಒಂದಕ್ಕೊಂದು ಸೇರಿದ್ದು ಪತ್ತೆಯಾಗಿ ಅಲ್ಲಿನ ಸಾಕ್ ಆಕ್ತುನ್ ಅನ್ನುವ ಗುಹೆಜಾಲ ಒಂದರ ಉದ್ದವೇ ಸುಮಾರು 347 ಕಿಲೋಮೀಟರ್ ಆಯಿತು. ಆದರೆ ಕಲಿಯುವಾಗ ಇದನ್ನೆಲ್ಲ ನೋಡಲಿಕ್ಕೆ ಪುರಸೊತ್ತಿಲ್ಲ. ನೀರು 25 ಡಿಗ್ರಿ ಆಸುಪಾಸು, ಹೇಳಲಿಕ್ಕೆ ತಂಪೇನೂ ಅಲ್ಲ, ಆದರೆ ಗಂಟೆಗಟ್ಟಲೆ ಇದ್ದರೆ ನಮ್ಮೂರಿನ ಸೆಕೆಗೆ ಒಗ್ಗಿದ ಮೈ ಗಡಗಡ.

ಇಲ್ಲೇ ಕಲಿಯಬಾರದಾ ಅಂದ್ಯಲ್ಲ. ನಮ್ಮದು ಮುರಕಲ್ಲಿನ ನೆಲ ಮಾರಾಯ. ನೆಲ್ಲಿತೀರ್ಥದ ಗುಹೆಯಲ್ಲಿ ಮೊಣಕಾಲೂರಿ ಹೋಗಬಹುದು, ಮುಳುಗಿ ಹೋಗಲಿಕ್ಕಿಲ್ಲ. ಬಂಟ್ವಾಳ ಕಡೆಯ ಸುರಂಗಗಳು ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೆದವು. ಒಂದು ಸುರಂಗದಲ್ಲಿ ನೀರು ಸಿಗದಿದ್ದರೆ ತಾಳ್ಮೆಯಿಂದ ಇನ್ನೊಂದು ಕೊರೆಯುತ್ತಾ ಹೋಗಿ, 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರಂಥವರು ಈ ಕೋರ್ಸಿಗೆ ಸೇರಿದ್ದರೆ ನಮ್ಮ ಮಾಸ್ಟ್ರಿಗೆ ತಲೆನೋವೇ ಇರುತ್ತಿರಲಿಲ್ಲ.

ಆದರೆ ತಯಾರಿ ಇಲ್ಲೇ ಮಾಡಬಹುದು. ಕುಲಶೇಖರದ ನಮ್ಮ ಹಿತ್ತಲಿನ ತೆಂಗಿನ ಮರಗಳಿಗೆ ಲೈನ್ ಕಟ್ಟಿದ್ದೇನೆ, ಕಣ್ಣಿಗೆ ಬಟ್ಟೆ ಕಟ್ಟಿ ನಡೆಯುವುದು. ಕೋರ್ಸಿನಲ್ಲೂ ಹೀಗೆ ಮೊದಲು ಮರಗಳ ನಡುವೆಯೇ ಕಲಿಸಿ ಆಮೇಲೆ ನೀರಿಗೆ ಇಳಿಸುತ್ತಾರೆ. ಅಮ್ಮ ಮೊದಲು "ಎಂತ ಮಗಾ ಇದು, ಆಚೆ ಮನೆಯವರು ನೋಡ್ತಿದ್ದಾರೆ" ಅಂತ ಬೈದರು, ಈಗ ಅದರ ಮೇಲೆ ಬಟ್ಟೆ ಒಣಗಿಸುತ್ತಾರೆ. ಇನ್ನೊಂದು, ನಿನ್ನ ಕಾಲು. ಕಡಲಲ್ಲಿ ಬಡಿಯುವ ಹಾಗೆ ಕಾಲಿನ ಫಿನ್ (ರೆಕ್ಕೆ) ಮೇಲೆ ಕೆಳಗೆ ಬಡಿದರೆ ತಳದ ಕೆಸರು ಎದ್ದು ಟಾರ್ಚ್ ಮೂಗಿಗೆ ಹಿಡಿದರೂ ಕಾಣುವುದಿಲ್ಲ. ಕಪ್ಪೆಕಾಲು ಹೊಡೆಯುವುದನ್ನು, ಕೈ ಆಡಿಸದೆ ನೀರಿನ ನಡುವೆ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಈಜುಕೊಳದಲ್ಲೇ ಕಲಿ. ಅದನ್ನು ಅಲ್ಲಿ ಹೋಗಿ ಡಾಲರ್ ಕೊಟ್ಟು ಕಲಿಯುವುದು ದಂಡ.

ಕೋರ್ಸ್ ಪಾಸಾದ ಕಾರ್ಡ್ ಗ್ಯಾರಂಟಿ ಅನ್ನುವ ಮಾಸ್ಟ್ರ ಹತ್ತಿರ ಹೋಗಲೇಬೇಡ. ನಮ್ಮ ಬ್ಯಾಚಿನಲ್ಲಿ ಒಬ್ಬನಿಗೆ, ಚೆನ್ನಾಗಿ ಈಜುವವನೇ, ಇನ್ನಷ್ಟು ಅಭ್ಯಾಸ ಮಾಡಿ ಬಾ ಅಂತ ಕಾರ್ಡ್ ಕೊಡದೆ ಕಳಿಸಿದರು. ಅವನ ಮುಖ ಸಣ್ಣದಾಯಿತು. ನನಗೆ ಮಾತ್ರ ಮಾಸ್ಟ್ರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಅವತ್ತೇ.

ಈ ಆದಿತ್ಯವಾರ ಬಾ, ಹಿತ್ತಲಲ್ಲಿ ಲೈನ್ ಹಿಡಿ. ಬರುವ ಮೊದಲು ನಿನ್ನ ಆ ಸೈನಸ್ ಡಾಕ್ಟರಿಗೆ ತೋರಿಸು, ಮೆಡಿಕಲ್ ಫಾರ್ಮಿಗೆ ಅವರ ಸಹಿ ಬೇಕಾಗುತ್ತದೆ. ಟಿಕೆಟಿನ ಮಾತು ಆಮೇಲೆ.