ಗೆಳೆಯನಿಗೊಂದು ಪತ್ರ: ಆ ಚಿತ್ರ ಮುಗಿಸೋಣ

ಹಾಸನ

ಪ್ರೀತಿಯ ಗೆಳೆಯಾ,

ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಪರೀಕ್ಷೆಗೆ ಓದುತ್ತಿದ್ದ ಮೂವರ ಮೇಲಿನ ನಮ್ಮ ಸಾಕ್ಷ್ಯಚಿತ್ರವನ್ನು ಈ ವರ್ಷ ಮುಗಿಸಲೇಬೇಕು ಕಣೋ. ಫೋನಿನಲ್ಲಿ ಹೇಳಿದರೆ ಮಾತು ಎಲ್ಲೆಲ್ಲೋ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಆ ಮೂವರಲ್ಲಿ ಆಲೂರಿನ ಹುಡುಗ ಸಿಕ್ಕಿದ್ದ. ಪರೀಕ್ಷೆಗೆ ಓದಿದ್ದ ಪ್ರಚಲಿತ ವಿದ್ಯಮಾನದ ನೋಟ್ ಬುಕ್ ತೋರಿಸಿದ. ರಟ್ಟಿಗೆ ಸೆಲ್ಲೋಟೇಪ್, ಅಂಚೆಲ್ಲ ಮುದುರಿದೆ. ಮೊದಲ ಪುಟದಲ್ಲಿ ‘ಮುಖ್ಯಮಂತ್ರಿ’ ಎಂದು ಬರೆದು ಮುಂದೆ ಯಡಿಯೂರಪ್ಪನವರ ಹೆಸರು. ಅದನ್ನು ಹೊಡೆದು ಬೊಮ್ಮಾಯಿ. ಅದನ್ನೂ ಹೊಡೆದು ಸಿದ್ದರಾಮಯ್ಯ. ಕೆಳಗಿನ ಸಾಲಿನಲ್ಲಿ ರಾಷ್ಟ್ರಪತಿ ಕೋವಿಂದ್ ಹೋಗಿ ಮುರ್ಮು ಬಂದಿದ್ದಾರೆ. ಒಂದೊಂದಕ್ಕೂ ಬೇರೆ ಬೇರೆ ಪೆನ್ನು. ಪುಟದ ನೆತ್ತಿಯ ಮೇಲಿನ ‘ಪಿಎಸ್‌ಐ, 545 ಹುದ್ದೆ’ ಮಾತ್ರ ಹಾಗೇ ಇದೆ.

2021ರ ಜನವರಿಯಲ್ಲಿ ಅರ್ಜಿ ಕರೆದಿದ್ದು, ಅಕ್ಟೋಬರಿನಲ್ಲಿ ಪರೀಕ್ಷೆ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಆಮೇಲೆ ಕೋರ್ಟು. 2023ರ ನವೆಂಬರಿನಲ್ಲಿ ಹೈಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿದ ಮೇಲೆ, 2024ರ ಜನವರಿ 23ಕ್ಕೆ ಮರುಪರೀಕ್ಷೆ. ಪ್ರಾಮಾಣಿಕವಾಗಿ ಓದಿದವರೂ ಮೊದಲಿನಿಂದ ಶುರು ಮಾಡಬೇಕಾಯಿತು.

ಅವರ ಜೊತೆಗೇ ನಮ್ಮ ಚಿತ್ರವೂ ನಿಂತಿತು. ಮೂವರಲ್ಲಿ ಒಬ್ಬರಾದರೂ ಖಾಕಿ ತೊಟ್ಟು ಊರಿಗೆ ಬರಲಿ, ಅದೇ ಕೊನೆಯ ದೃಶ್ಯ ಎಂದು ಕಾದೆವು. ಬರಲಿಲ್ಲ. ಇನ್ನು ಕಾಯುವುದು ಬೇಡ. ಆಯ್ಕೆಯಾದವರ ಫೋಟೊ ಪೇಪರಿನಲ್ಲಿ ಬರುತ್ತದೆ, ಕೋಚಿಂಗ್ ಸೆಂಟರಿನವರು ಫ್ಲೆಕ್ಸ್ ಹಾಕಿಸುತ್ತಾರೆ. ಕತ್ತಲಲ್ಲೇ ಎದ್ದು ಜಿಲ್ಲಾ ಕ್ರೀಡಾಂಗಣಕ್ಕೆ ಬಂದು 1600 ಮೀಟರ್ ಓಡಿ, ಲೈಬ್ರರಿಯಲ್ಲಿ ಜಾಗ ಹಿಡಿದು ಕೂತು, ಸಂಜೆ ಅಪ್ಪನ ಶುಂಠಿ ಹೊಲಕ್ಕೆ ನೀರು ಬಿಡಲು ಓಡಿದವನ ಅಷ್ಟು ವರ್ಷಗಳು ನಮ್ಮ ಹಾರ್ಡ್ ಡಿಸ್ಕಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಫುಟೇಜನ್ನೆಲ್ಲ ಮತ್ತೆ ನೋಡಿದೆ. ಅರಸೀಕೆರೆಯ ಹುಡುಗಿ ರೈಲಿನಲ್ಲಿ ತೊಡೆಯ ಮೇಲೆ ರಟ್ಟಿಟ್ಟುಕೊಂಡು ಪರೀಕ್ಷೆಯ ಮೊದಲ ಪತ್ರಿಕೆಗೆ ಭಾಷಾಂತರ ಅಭ್ಯಾಸ ಮಾಡುತ್ತಿದ್ದಾಳಲ್ಲ, ಅದು ಎಂಥ ಶಾಟ್ ಮಾರಾಯ! “ಯಾವಾಗ ಕರೀತಾರಂತೆ ಅಂತ ಅಮ್ಮ ಕೇಳ್ತಾರೆ. ಇನ್ನೇನು ಕರೀತಾರೆ ಅಂತೀನಿ” ಎಂದು ನಗುತ್ತಾಳೆ. ಆ ನಗು ಮುಖದಿಂದ ಪೂರ್ತಿ ಇಳಿಯುವವರೆಗೂ ನೀನು ಕ್ಯಾಮೆರಾ ಆಫ್ ಮಾಡಿಲ್ಲ. ಅದಕ್ಕೆ ನಿನಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಅವಳೀಗ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ. ಚಿತ್ರ ಹೊರಗೆ ತರುವ ಮುಂಚೆ ಇನ್ನೊಮ್ಮೆ ಒಪ್ಪಿಗೆ ಕೇಳಿದೆ. “ಹಾಕಿ ಅಣ್ಣಾ, ಆದ್ರೆ ಪಾಪ ಅನ್ನೋ ಹಂಗೆ ತೋರಿಸ್ಬೇಡಿ” ಅಂದಳು. ಹಾಗಾಗಿ ನಾನು ಬರೆದಿದ್ದ ನಿರೂಪಣೆಯನ್ನೂ ಆ ಪಿಟೀಲನ್ನೂ ಪೂರ್ತಿ ತೆಗೆಯುತ್ತಿದ್ದೇನೆ. ಅವರದೇ ಮಾತು, ರೈಲಿನ ಸದ್ದು, ಮೈದಾನದ ಸೀಟಿ ಸಾಕು. ಕಾಲ ಸರಿದದ್ದನ್ನು ಹೇಳಲು ಆ ನೋಟ್ ಬುಕ್ಕಿನ ಪುಟವನ್ನೇ ನಡುನಡುವೆ ತರೋಣ. ಹುಡುಗ ಒಪ್ಪಿದ್ದಾನೆ, ನೀನು ಬಂದು ಶೂಟ್ ಮಾಡಬೇಕು.

ಕ್ರೀಡಾಂಗಣದ ಸಂದರ್ಶನಗಳಲ್ಲಿ ಗಾಳಿಯ ಸದ್ದು ವಿಪರೀತ. ನಿನ್ನ ಬೇರೆ ರೆಕಾರ್ಡರಿನ ಆಡಿಯೊ ಇದ್ದರೆ ಈ ವಾರವೇ ಕಳಿಸು. ಹಾಸನಾಂಬೆ ಬಾಗಿಲು ತೆಗೆಯುವುದರೊಳಗೆ ರಫ್ ಕಟ್ ಆಗಬೇಕು. ಮೊದಲ ಪ್ರದರ್ಶನ ಆ ಮೂವರಿಗೆ, ಅವರ ಅಪ್ಪ ಅಮ್ಮಂದಿರಿಗೆ. ಯಾವ ಶನಿವಾರ ಬರುತ್ತೀಯ, ತಿಳಿಸು.

ನಿನ್ನ ಗೆಳೆಯ