ಸೆಲ್ ಇಲ್ಲದ ಬಿಪಿ ಯಂತ್ರಕ್ಕೆ ತರಬೇತಿ ಏಕೆ?

ಮಾನ್ಯರೇ,

ರಕ್ತದೊತ್ತಡ ಇರುವವರ ಆರೈಕೆಯ ಬಗ್ಗೆ ನಮ್ಮ ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ ತರಬೇತಿ ನೀಡಲಾಯಿತೆಂಬ ಸೋಮವಾರದ ವರದಿಯನ್ನೂ, ದೀಪ ಬೆಳಗುತ್ತಿರುವ ಅಧಿಕಾರಿಗಳ ಚಿತ್ರವನ್ನೂ ನೋಡಿದೆ. ಮರುದಿನವೇ ಅದರ ಫಲ ಉಣ್ಣುವ ಭಾಗ್ಯ ನಮ್ಮ ಮನೆಗೆ ಒದಗಿತು.

ಆಗಷ್ಟೇ ನೀರಿನ ಕೊಡ ಇಳಿಸಿ ಏದುಸಿರು ಬಿಡುತ್ತಿದ್ದ ನನ್ನ 68 ವರ್ಷದ ತಾಯಿಯನ್ನು ಜಗಲಿಯ ಮೇಲೆ ಕೂರಿಸಿ, ಸ್ವೆಟರಿನ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಒಂದೇ ಸಲ ಅಳೆದ ಕಾರ್ಯಕರ್ತೆ 182/104 ಎಂದು ಬರೆದುಕೊಂಡು, ಕೂಡಲೇ ಆಸ್ಪತ್ರೆಗೆ ಹೋಗುವಂತೆ ಹೇಳಿದರು. ಅರ್ಧ ದಿನದ ಸಂಬಳ ಬಿಟ್ಟು, ಆಟೊಗೆ 350 ರೂಪಾಯಿ ತೆತ್ತು ಓಡಿದೆವು. ಅಲ್ಲಿನ ನರ್ಸ್ ಐದು ನಿಮಿಷ ಸುಮ್ಮನೆ ಕೂರಿಸಿ, ಸ್ವೆಟರ್ ತೆಗೆಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಿಸಿ ಎರಡು ಸಲ ನೋಡಿದಾಗ ಬಂದದ್ದು 138/84. ತಾಯಿ ಮೊದಲಿನಿಂದಲೂ ರಕ್ತದೊತ್ತಡಕ್ಕೆ ನುಂಗುತ್ತಿರುವ ಅಮ್ಲೋಡಿಪಿನ್ ಮಾತ್ರೆಯನ್ನಾದರೂ ತಿಂಗಳಿಗಾಗುವಷ್ಟು ಕೊಡಿ ಎಂದರೆ, ದಾಸ್ತಾನಿಲ್ಲವೆಂದು ಹತ್ತು ದಿನಕ್ಕೆ ಎಣಿಸಿ ಕೊಟ್ಟರು. ಇನ್ನು ತಿಂಗಳಿಗೆ ಮೂರು ಸಲ ಆಟೊ.

ಆ ಆಶಾ ಕಾರ್ಯಕರ್ತೆಯನ್ನು ದೂರಲು ನನಗೆ ಮನಸ್ಸಿಲ್ಲ. ತರಬೇತಿಯಲ್ಲಿ ಅರವತ್ತು ಮಂದಿಗೆ ಒಂದೇ ಯಂತ್ರವಿತ್ತಂತೆ. ಅದನ್ನು ಕೈಯಲ್ಲಿ ಹಿಡಿಯುವ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಯಿತಂತೆ. 'ಸೆಲ್ ಕೂಡ ನಾನೇ ಅಂಗಡಿಯಿಂದ ತಂದದ್ದು ಸಾರ್' ಎಂದರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತ ಮೇಲೆಯೇ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದವರು, ಸೆಲ್ಲಿಗೂ ತಮ್ಮ ಕೈಯಿಂದಲೇ ದುಡ್ಡು ಹಾಕಬೇಕೇ? 30 ವರ್ಷ ದಾಟಿದವರಿಗೆಲ್ಲ ಮನೆ ಬಾಗಿಲಲ್ಲೇ ತಪಾಸಣೆ ಎಂದು ಘೋಷಿಸುವುದಕ್ಕೆ ಮಾತ್ರ ಸರ್ಕಾರಕ್ಕೆ ಎಂದೂ ಕೊರತೆಯಾಗಿಲ್ಲ.

ನಮ್ಮ ಆರೋಗ್ಯ ಉಪಕೇಂದ್ರದ ಕಥೆ ತಮಗೆ ಗೊತ್ತೇ ಇದೆ. ಮೊದಲು ಉಪಕೇಂದ್ರ, ಆಮೇಲೆ ಕ್ಷೇಮ ಕೇಂದ್ರ, ಈಗ ಆಯುಷ್ಮಾನ್ ಆರೋಗ್ಯ ಮಂದಿರ. ಹೆಸರು ಬದಲಾದಾಗಲೆಲ್ಲ ಫಲಕಕ್ಕೆ ಹೊಸ ಬಣ್ಣ ಬಂದಿದೆ, ಸೋರುವ ಮಾಡಿಗೆ ಒಂದು ಹೆಂಚು ಬಂದಿಲ್ಲ. ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ.

ಸಂಬಂಧಪಟ್ಟವರು ಇನ್ನಾದರೂ ತರಬೇತಿಯನ್ನು ತರಬೇತಿಯ ಹಾಗೆ ಕೊಡಲಿ, ಇಲ್ಲವೇ ಅದನ್ನು ನಿಲ್ಲಿಸಿ ಆ ಹಣದಲ್ಲಿ ಮಾತ್ರೆಯನ್ನಾದರೂ ತರಿಸಲಿ. ಎರಡೂ ಆಗದಿದ್ದರೆ ದೀಪ ಬೆಳಗಲು ಬರುವ ತೊಂದರೆಯನ್ನೂ ತೆಗೆದುಕೊಳ್ಳದಿರಲಿ.

– ನೊಂದ ಓದುಗ