ಗುಣದ ಹೆಸರು ಹೇಳದೆಯೂ ಪಾತ್ರವನ್ನು ತೋರಿಸಬಹುದಲ್ಲವೇ?

ಸಂಪಾದಕರಿಗೆ,

ಮಾನ್ಯರೆ,

ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಬರುವ ಕಥೆಗಳನ್ನು ನಾನು ತಪ್ಪದೆ ಓದುತ್ತೇನೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೂ ಈ ಅಭ್ಯಾಸ ಉಳಿದುಕೊಂಡಿದೆ; ಊರಿನ ಗ್ರಂಥಾಲಯಕ್ಕೆ ಬರುವ ಮಕ್ಕಳೊಡನೆ ಕುಳಿತು ಅವೇ ಕಥೆಗಳನ್ನು ಮತ್ತೊಮ್ಮೆ ಓದುವುದೂ ಉಂಟು. ಈಚಿನ ದಿನಗಳಲ್ಲಿ ಬರುತ್ತಿರುವ ಕಥೆಗಳಲ್ಲಿ ಬಹುಪಾಲು "ರಾಮು ಒಳ್ಳೆಯ ಹುಡುಗ, ಅವನು ಬುದ್ಧಿವಂತನೂ ವಿನಯವಂತನೂ ಪರೋಪಕಾರಿಯೂ ಆಗಿದ್ದನು" ಎಂಬಂಥ ಮಾತಿನಿಂದ ಆರಂಭವಾಗಿ, "ನೀತಿ" ಎಂಬ ಶೀರ್ಷಿಕೆಯ ಕೆಳಗಿನ ಒಂದು ಸಾಲಿನಿಂದ ಮುಗಿಯುತ್ತವೆ. ಓದಿ ಮುಗಿಸಿದ ಮಗುವನ್ನು ರಾಮು ಎಂಥವನೆಂದು ಕೇಳಿದರೆ ಮೂರೂ ಗುಣಗಳನ್ನು ಒಪ್ಪಿಸುತ್ತದೆ. ಹಾಗೆಂದು ನಿನಗೆ ಹೇಗೆ ತಿಳಿಯಿತೆಂದು ಕೇಳಿದರೆ ಮಾತ್ರ, "ಇಲ್ಲೇ ಬರೆದಿದೆಯಲ್ಲ" ಎಂದು ಮೊದಲ ಸಾಲಿನ ಮೇಲೆ ಬೆರಳಿಡುತ್ತದೆ. ಮಗುವಿನ ಉತ್ತರದಲ್ಲಿ ತಪ್ಪಿಲ್ಲ. ಕಥೆಗಾರರು ಅದಕ್ಕೆ ಬೇರೆ ಉತ್ತರ ಹುಡುಕುವ ಅವಕಾಶವನ್ನೇ ಕೊಟ್ಟಿಲ್ಲ.

ಪಾತ್ರದ ಗುಣವನ್ನು ನೇರವಾಗಿ ಹೇಳುವುದೇ ದೋಷವೆಂಬುದು ನನ್ನ ವಾದವಲ್ಲ. ನಮ್ಮ ಜನಪದ ಕಥೆಗಳು "ಒಂದೂರಲ್ಲಿ ಒಬ್ಬ ಜಿಪುಣ ಇದ್ದ" ಎಂದೇ ಶುರುವಾಗುತ್ತವೆ, ಮತ್ತು ಅದರಿಂದ ಕಥೆಗೆ ಯಾವ ಕುಂದೂ ಬಂದಿಲ್ಲ. ಏಕೆಂದರೆ ಆ ಜಿಪುಣತನ ಎಷ್ಟು ದೂರ ಹೋಗಬಲ್ಲದು ಎಂಬುದೇ ಮುಂದಿನ ಕಥೆಯ ಸ್ವಾರಸ್ಯವಾಗಿರುತ್ತದೆ. ಆರೇಳು ವರ್ಷದ ಮಕ್ಕಳಿಗೆ ಯಾರ ಪಕ್ಷ ವಹಿಸಬೇಕೆಂಬುದು ಬೇಗ ಗೊತ್ತಾಗಬೇಕು, ಇಲ್ಲದಿದ್ದರೆ ಅವರು ಎದ್ದು ಹೋಗುತ್ತಾರೆ. ಆದರೆ ತಮ್ಮ ಪುಟವನ್ನು ಓದುವವರು ಹೆಚ್ಚಾಗಿ ಹತ್ತರಿಂದ ಹದಿನಾಲ್ಕರ ವಯಸ್ಸಿನವರು. ಮನೆಗೆ ಬಂದ ನೆಂಟರು ನಗುತ್ತಿದ್ದರೂ ಅಮ್ಮನ ಮೇಲೆ ಮುನಿಸಿಕೊಂಡಿದ್ದಾರೆಂದು ಅವರು ಲೋಟ ಕೆಳಗಿಟ್ಟ ರೀತಿಯಿಂದಲೇ ಊಹಿಸಬಲ್ಲ ವಯಸ್ಸು ಅದು. ಮನುಷ್ಯರನ್ನು ಇಷ್ಟು ಸೂಕ್ಷ್ಮವಾಗಿ ಓದುವ ಮಕ್ಕಳಿಗೆ ಕಥೆಯಲ್ಲಿ ಮಾತ್ರ ಎಲ್ಲವನ್ನೂ ಬಿಡಿಸಿ ಹೇಳಬೇಕೆಂದು ನಾವು ತೀರ್ಮಾನಿಸಿದ್ದು ಯಾವ ಆಧಾರದಿಂದಲೋ ನನಗೆ ತಿಳಿಯದು.

ನಾವೆಲ್ಲ ಹಾಡುತ್ತ ಬೆಳೆದ ಗೋವಿನ ಹಾಡನ್ನೇ ನೋಡಬಹುದು. ಪುಣ್ಯಕೋಟಿ ಸತ್ಯವಂತೆಯೆಂದು ಎಲ್ಲ ಮಕ್ಕಳೂ ಹೇಳುತ್ತಾರೆ. ಹಾಡಿನಲ್ಲಿಯೂ ಆ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ನನ್ನ ಮಟ್ಟಿಗೆ ಆ ಹಸು ಪುಣ್ಯಕೋಟಿಯಾಗುವುದು ಬೇರೊಂದು ಕಡೆ. ಕರುವಿಗೆ ಕಡೆಯ ಬಾರಿ ಮೊಲೆಯೂಡಿಸಿದ ಮೇಲೆ ಅದು ದೊಡ್ಡಿಯ ಉಳಿದ ಹಸುಗಳ ಬಳಿಗೆ ಹೋಗಿ, ನನ್ನ ಕಂದ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಕೇಳಿಕೊಳ್ಳುತ್ತದೆ. ಸಾಯಲು ಹೊರಟ ತಾಯಿ ಆ ಗಳಿಗೆಯಲ್ಲಿ ಧರ್ಮದ ಮಾತನ್ನಾಡುತ್ತಿಲ್ಲ. ತಬ್ಬಲಿ ಕರು ಹಾಲಿಗಾಗಿ ಬೇರೆಯವರ ಹತ್ತಿರ ಹೋದಾಗ ಏನಾಗುತ್ತದೆಂಬುದನ್ನು ಕೊಟ್ಟಿಗೆಯಲ್ಲಿ ಬಾಳಿದ ಜೀವವಾಗಿ ಅದು ಬಲ್ಲದು, ಅದನ್ನೇ ಹೇಳುತ್ತದೆ. ದನ ಸಾಕಿದ ಮನೆಯ ಮಕ್ಕಳಿಗೆ ಈ ಸಾಲು ತಟ್ಟನೆ ತಿಳಿಯುತ್ತದೆ, ವಿವರಿಸಬೇಕಾಗಿಲ್ಲ. ವಾತ್ಸಲ್ಯವೆಂಬ ಮಾತನ್ನು ಹತ್ತು ಸಲ ಬಳಸಿದ್ದರೂ ಇಷ್ಟು ಕೆಲಸವಾಗುತ್ತಿರಲಿಲ್ಲ. ಹಾಗೆಯೇ ಹುಲಿಯ ಮನಸ್ಸು ತಿರುಗಿತೆಂದು ನಾವು ನಂಬುವುದು ಅದು ಆಡಿದ ಮಾತಿಗಿಂತ ಹೆಚ್ಚಾಗಿ ಅದು ಮಾಡಿದ್ದರಿಂದ.

ಗ್ರಂಥಾಲಯದಲ್ಲಿ ನಾನು ಮಕ್ಕಳಿಗೆ ಕೊಡುವ ಒಂದು ಅಭ್ಯಾಸವನ್ನು ಇಲ್ಲಿ ಹೇಳಬಹುದೆನಿಸುತ್ತದೆ. ಆಷಾಢದ ಮಳೆ, ತುಂಬಿದ ಹಳ್ಳ, ಅಡಿಕೆ ದಬ್ಬೆ ಹಾಕಿದ ಕಾಲುಸಂಕ; ಶಾಲೆಗೆ ಹೊರಟ ಮೂವರು ಮಕ್ಕಳು ಅದನ್ನು ದಾಟಬೇಕು. ಧೈರ್ಯ, ಹೆದರಿಕೆ, ಕರುಣೆ, ಜಂಬ ಮೊದಲಾದ ಯಾವ ಗುಣದ ಹೆಸರನ್ನೂ ಬಳಸದೆ ಮೂವರೂ ಬೇರೆ ಬೇರೆ ಸ್ವಭಾವದವರೆಂದು ಓದುವವರಿಗೆ ಗೊತ್ತಾಗಬೇಕು. ಒಬ್ಬಳು ಬರೆದ ಕಥೆಯಲ್ಲಿ ದೊಡ್ಡ ಹುಡುಗಿ ಮೊದಲು ತನ್ನ ಪಾಟಿಚೀಲವನ್ನು ಆಚೆ ದಡಕ್ಕೆ ಎಸೆದುಬಿಡುತ್ತಾಳೆ, ಇನ್ನು ದಾಟದೆ ಬೇರೆ ದಾರಿಯಿಲ್ಲ. ಎರಡನೆಯವನು ಚಪ್ಪಲಿ ಹೊಸದು, ನೆನೆದರೆ ಅಪ್ಪಯ್ಯ ಬೈಯುತ್ತಾನೆ, ಹಾಗಾಗಿ ಸುತ್ತುಬಳಸಿ ಹೋಗೋಣವೆನ್ನುತ್ತಾನೆ. ಮೂರನೆಯವನು ಚಿಕ್ಕವನು, ಸಂಕದ ನಡುವೆ ನಿಂತು ಕಾಲಿಗೆ ಹತ್ತಿದ ಇಂಬಳವನ್ನು (ಜಿಗಣೆಯನ್ನು) ಕೀಳತೊಡಗುತ್ತಾನೆ. ಚಪ್ಪಲಿಯವನಿಗೆ ಹೆದರಿಕೆಯೆಂದು ಓದಿದ ಎಲ್ಲರಿಗೂ ಗೊತ್ತಾಯಿತು. ಆದರೆ ಇಂಬಳ ಕೀಳುತ್ತ ನಿಂತವನ ಬಗ್ಗೆ ಮಕ್ಕಳಲ್ಲಿ ಒಮ್ಮತ ಮೂಡಲಿಲ್ಲ: ಅವನಿಗೆ ಹೆದರಿಕೆಯೇ ಇಲ್ಲವೆಂದು ಕೆಲವರು, ಹೆದರಿಕೆಯೆಂದರೇನೆಂದೇ ಅವನಿಗಿನ್ನೂ ತಿಳಿದಿಲ್ಲವೆಂದು ಕೆಲವರು. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಕುರಿತು ಅವರು ವಾದಿಸಿದಷ್ಟು ಹೊತ್ತು ನಾನು ತರಗತಿಯಲ್ಲಿ ಯಾವ ಪಾತ್ರದ ಬಗ್ಗೆಯೂ ವಾದ ನಡೆದದ್ದನ್ನು ಕಂಡಿಲ್ಲ.

ಮಾತಿನ ವಿಷಯಕ್ಕೆ ಬಂದರೆ, ಸ್ವಭಾವವನ್ನು ತೋರಿಸಲು ಕನ್ನಡದ ಕಥೆಗಾರರಿಗೆ ಇರುವ ಅನುಕೂಲ ಬಹಳ ದೊಡ್ಡದು, ಮಕ್ಕಳ ಕಥೆಗಳಲ್ಲಿ ಅದು ಬಹುತೇಕ ವ್ಯರ್ಥವಾಗುತ್ತಿದೆ. ಯಾರನ್ನು ಏಕವಚನದಲ್ಲಿ ಕರೆಯುತ್ತಾನೆ, ಯಾರನ್ನು ಬಹುವಚನದಲ್ಲಿ ಕರೆಯುತ್ತಾನೆ ಎಂಬುದರಿಂದಲೇ ಒಬ್ಬ ಮನುಷ್ಯನ ಅರ್ಧ ಚರಿತ್ರೆ ತಿಳಿಯುತ್ತದೆ. ಅಡಿಕೆ ಕೊನೆ ಕೊಯ್ಯಲು ಬಂದ ತನ್ನ ತಂದೆಯ ವಯಸ್ಸಿನವನಿಗೆ "ಬಾರೋ" ಎಂದು, ಅದೇ ಉಸಿರಿನಲ್ಲಿ ಬ್ಯಾಂಕಿನಿಂದ ಬಂದ ಹುಡುಗನಿಗೆ "ಬನ್ನಿ ಸಾರ್, ಕೂತ್ಕೊಳಿ" ಎನ್ನುವ ಯಜಮಾನನನ್ನು ದುರಹಂಕಾರಿಯೆಂದು ಲೇಖಕರು ಬೇರೆ ಹೇಳಬೇಕೇ? ಅವನ ಮಗಳು ಅದೇ ಕೊನೆಗಾರನಿಗೆ "ಕಾಫಿ ಕುಡ್ಕಂಡು ಹೋಗಿ" ಎಂದರೆ ಆ ಮನೆಯೊಳಗೆ ಮುಂದೆ ಏನು ನಡೆಯಬಹುದೆಂಬ ಕುತೂಹಲವೂ ಅಲ್ಲೇ ಹುಟ್ಟುತ್ತದೆ. ನಮ್ಮ ಮಕ್ಕಳ ಕಥೆಗಳಲ್ಲಾದರೋ ಅಜ್ಜಿ, ಮೊಮ್ಮಗ, ಅಂಗಡಿಯವನು, ಕಾಡಿನ ಕರಡಿ ಎಲ್ಲರೂ ಪಠ್ಯಪುಸ್ತಕದ ಒಂದೇ ಕನ್ನಡವನ್ನು ಆಡುತ್ತಾರೆ. ಆಡುಮಾತು ಬಂದರೂ ಅದು ಬರುವುದು ಕೆಲಸದಾಳಿನ ಬಾಯಲ್ಲಿ, ಅದೂ ನಗಿಸಲಿಕ್ಕೆ. ಇದು ನನಗೆ ಬೇಸರದ ಸಂಗತಿ ಮಾತ್ರವಲ್ಲ, ಅನ್ಯಾಯವೆಂದೂ ಅನ್ನಿಸುತ್ತದೆ. ನಮ್ಮದೇ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರಾದ ಕುವೆಂಪು 1967ರಲ್ಲಿ ಪ್ರಕಟವಾದ "ಮಲೆಗಳಲ್ಲಿ ಮದುಮಗಳು" ಕಾದಂಬರಿಯ ಆರಂಭದಲ್ಲಿಯೇ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಘೋಷಿಸಿ, ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಹೆಗ್ಗಡೆಯವರಿಗೆ ಕೊಟ್ಟಷ್ಟೇ ಗಮನ ಕೊಟ್ಟರು. ಆ ಕಾದಂಬರಿ ಮಕ್ಕಳಿಗಲ್ಲ ನಿಜ. ಮಕ್ಕಳಿಗಾಗಿ ಬರೆಯುವವರು ಅದನ್ನು ಓದಿರಬೇಕು.

ಇನ್ನು ರೂಪದ ಮಾತು. ಕಥೆಯ ಜೊತೆಗೆ ಅಚ್ಚಾಗುವ ಚಿತ್ರಗಳಲ್ಲಿ ಕಳ್ಳ ಯಾವಾಗಲೂ ಕಪ್ಪಗಿರುತ್ತಾನೆ, ಸೋಮಾರಿ ದಪ್ಪಗಿರುತ್ತಾನೆ, ಕೆಟ್ಟ ಮುದುಕಿಗೆ ಗೂನುಬೆನ್ನು, ಒಳ್ಳೆಯ ರಾಜಕುಮಾರಿಗೆ ಹಾಲಿನ ಬಣ್ಣ. ರೂಪದಿಂದ ಗುಣವನ್ನು ಸೂಚಿಸುವುದು ಹಳೆಯ ಉಪಾಯವೇ. ಯಕ್ಷಗಾನದಲ್ಲಿ ರಾಕ್ಷಸ ವೇಷದ ಮುಖವರ್ಣಿಕೆ ಕಂಡೊಡನೆ ಪ್ರೇಕ್ಷಕರಿಗೆ ಪಾತ್ರ ತಿಳಿಯುತ್ತದೆ. ಆದರೆ ಆ ಬಣ್ಣ ವೇಷಧಾರಿಯ ಹುಟ್ಟಿನ ಬಣ್ಣವಲ್ಲ, ಬೆಳಗಾದ ಮೇಲೆ ತೊಳೆದುಹೋಗುತ್ತದೆ. ಪುಸ್ತಕದ ಚಿತ್ರದಲ್ಲಿ ಕಳ್ಳನ ಮೈಬಣ್ಣ ತನ್ನದೇ ಎಂದು ಕಂಡುಕೊಳ್ಳುವ ಮಗುವಿಗೆ ಅಂಥ ಬಿಡುಗಡೆಯಿಲ್ಲ. ರೂಪವನ್ನು ವರ್ಣಿಸಬೇಕೆಂದಿದ್ದರೆ ಮನುಷ್ಯ ತಾನೇ ಆರಿಸಿಕೊಂಡದ್ದನ್ನು ವರ್ಣಿಸಬಹುದು: ಅಂಗಿಯ ಗುಂಡಿ ಹಾಕಿಕೊಂಡ ಬಗೆ, ಕೊಡೆಯನ್ನು ಎಷ್ಟು ಸಲ ರಿಪೇರಿ ಮಾಡಿಸಿದ್ದಾನೆ, ಉಗುರಿನಲ್ಲಿ ಅಡಿಕೆ ಚೊಗರಿನ ಕಲೆ ಇದೆಯೋ ಇಲ್ಲವೋ.

ಯಾರ ಕಣ್ಣಿನಿಂದ ನೋಡುತ್ತೇವೆ ಎಂಬುದರ ಮೇಲೆ ಪಾತ್ರ ಬದಲಾಗುವುದನ್ನು ಮಕ್ಕಳಿಗೆ ತೋರಿಸಲು ಪೂರ್ಣಚಂದ್ರ ತೇಜಸ್ವಿಯವರ "ಕರ್ವಾಲೊ"ವಿಗಿಂತ ಒಳ್ಳೆಯ ಪುಸ್ತಕ ನನಗೆ ಸಿಕ್ಕಿಲ್ಲ. 1980ರಲ್ಲಿ ಬಂದ ಈ ಕಾದಂಬರಿಯನ್ನು ಎಂಟನೇ ತರಗತಿಯ ಮಕ್ಕಳು ಸರಾಗವಾಗಿ ಓದುತ್ತಾರೆ. ಊರವರಿಗೆ ಮಂದಣ್ಣನೆಂದರೆ ಜೇನಿನ ಹಿಂದೆ ಬಿದ್ದು ಅಲೆಯುವ, ಬದುಕಿನಲ್ಲಿ ನೆಲೆ ಕಾಣದ ಹಳ್ಳಿಯ ಯುವಕ. ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗೆ ಅವನು ಕಾಡನ್ನು ಬಲ್ಲ ಹುಟ್ಟು ಪ್ರಕೃತಿವಿಜ್ಞಾನಿ. ಎಲ್ಲರೂ ಹುಡುಕಿಕೊಂಡು ಹೊರಡುವ ಹಾರುವ ಓತಿಯನ್ನು ಕಂಡವನು ಅವನೇ ತಾನೆ. ಕಥೆ ಹೇಳುವವನಿಗೆ ಇಂಥ ದೊಡ್ಡ ವಿಜ್ಞಾನಿ ಇವನನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆಂಬುದೇ ಮೊದಮೊದಲು ಅರ್ಥವಾಗುವುದಿಲ್ಲ, ಓದುವ ನಮಗೂ ಆಗುವುದಿಲ್ಲ. ಮಂದಣ್ಣ ಪ್ರತಿಭಾವಂತನೆಂದು ಮೊದಲ ಪುಟದಲ್ಲೇ ಬರೆದಿದ್ದರೆ ಈ ಕಾದಂಬರಿಯಲ್ಲಿ ಉಳಿಯುತ್ತಿದ್ದುದು ಓತಿ ಹುಡುಕುವ ಸಾಹಸವೊಂದೇ. ಊರಿನ ಮಾತನ್ನು ನಂಬಿ ಮಂದಣ್ಣನನ್ನು ಕಡೆಗಣಿಸಿದ ಓದುಗ ಹುಡುಗನಿಗೆ, ಪುಸ್ತಕದ ನಡುವೆ ತನ್ನ ಅಭಿಪ್ರಾಯವನ್ನು ತಾನೇ ತಿದ್ದಿಕೊಳ್ಳುವ ಅನುಭವ ಆಗ ಸಿಗುತ್ತಿರಲಿಲ್ಲ.

ಪಾತ್ರಕ್ಕೆ ಕಷ್ಟದ ಆಯ್ಕೆಯೊಂದನ್ನು ಒಡ್ಡುವುದು ಮತ್ತೊಂದು ದಾರಿ. ಸಾಗರದ ನಾ. ಡಿಸೋಜ ಅವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಕಳೆದುಕೊಂಡವರ ಬದುಕನ್ನು ಅವರು ಹತ್ತಿರದಿಂದ ಕಂಡಿದ್ದರು. "ದ್ವೀಪ" ಕಾದಂಬರಿಯಲ್ಲಿ ಶರಾವತಿಯ ನೀರು ಮನೆಯ ಸುತ್ತ ಏರುತ್ತಿರುವಾಗ ಯಾರು ಯಾವುದನ್ನು ಹಿಡಿದುಕೊಳ್ಳುತ್ತಾರೆ, ಯಾರು ಯಾವುದನ್ನು ಬಿಡುತ್ತಾರೆ ಎಂಬುದೇ ಅವರವರ ಸ್ವಭಾವದ ಪರಿಚಯ. ಅದೇ ಮುಳುಗಡೆಯ ನಾಡನ್ನು ಮಕ್ಕಳಿಗೂ ಹೇಳಬಹುದೆಂದು ನಂಬಿ ಅವರು ಬರೆದ "ಮುಳುಗಡೆಯ ಊರಿಗೆ ಬಂದವರು" ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮಕ್ಕಳಿಗೆ ಬರೆಯುವುದೆಂದರೆ ಉದಾಸೀನದಿಂದ ಬರೆಯುವುದಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಇಷ್ಟು ಸಾಕ್ಷಿಗಳಿವೆ.

ಒಂದು ಗುಣಕ್ಕೆ ಒಬ್ಬ ಮನುಷ್ಯನೆಂಬ ಲೆಕ್ಕವೂ ಕೈಬಿಡಬೇಕಾದದ್ದು. ಹಬ್ಬಕ್ಕೆ ಹೊಸ ಬಟ್ಟೆ ತರಲು ವರ್ಷವಿಡೀ ಸಬೂಬು ಹೇಳುವ ಅಜ್ಜ, ಕೊಟ್ಟಿಗೆಯ ಮುದಿ ಎತ್ತಿಗೆ ಕಾಲುಬಾಯಿ ಜ್ವರ ಬಂದಾಗ ಸರಿರಾತ್ರಿಯಲ್ಲಿ ಜೀಪು ಮಾಡಿಸಿಕೊಂಡು ಪಶುವೈದ್ಯರನ್ನು ಕರೆತಂದರೆ ಅವನನ್ನು ಜಿಪುಣನೆನ್ನಬೇಕೋ ಬೇಡವೋ? ಮಕ್ಕಳು ಇಲ್ಲಿ ತಡವರಿಸುತ್ತಾರೆ, ತಡವರಿಸಲಿ. ಗೈಡುಗಳಲ್ಲಿ ಇಂಥ ಅಜ್ಜನಿಗೆ ಉತ್ತರವಿಲ್ಲ. "ಈ ಪಾತ್ರದ ಗುಣಸ್ವಭಾವಗಳನ್ನು ವಿವರಿಸಿ" ಎಂಬ ನಾಲ್ಕು ಅಂಕದ ಪ್ರಶ್ನೆಗೆ ನಾಲ್ಕು ಗುಣವಾಚಕಗಳನ್ನು ಅಂಕಕ್ಕೊಂದರಂತೆ ಬರೆದು ಮುಗಿಸುವುದು ಎಲ್ಲ ಕಡೆಯ ರೂಢಿಯಾಗಿದೆ. ಅದರ ಬದಲು ಪಾತ್ರದ ಒಂದೇ ಗುಣವನ್ನು ಹೇಳಿ, ಅದು ಗೊತ್ತಾದ ಎರಡು ಸಂದರ್ಭಗಳನ್ನು ಪಾಠದಿಂದಲೇ ತೋರಿಸಿ, ಅದಕ್ಕೆ ವಿರುದ್ಧವಾದ ಸಂದರ್ಭವಿದ್ದರೆ ಅದನ್ನೂ ಬರೆಯಿರಿ ಎಂದು ಕೇಳಿದರೆ ಗೈಡು ಹಿಡಿದು ಕುಳಿತವನೂ ಪಾಠಕ್ಕೆ ಹಿಂದಿರುಗಬೇಕಾಗುತ್ತದೆ. ಉತ್ತರಪತ್ರಿಕೆ ತಿದ್ದುವುದು ಆಗ ಕಷ್ಟವೆಂದು ನನ್ನ ಸಹೋದ್ಯೋಗಿಗಳು ಹೇಳುವುದನ್ನು ಕೇಳಿದ್ದೇನೆ. ಕಷ್ಟವೇ, ಒಪ್ಪುತ್ತೇನೆ, ಒಂದೇ ಗೈಡಿನಿಂದ ಇಳಿಸಿದ ನೂರು ಉತ್ತರಗಳನ್ನು ಓದುವುದೂ ಸುಖದ ಕೆಲಸವೇನಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮಕ್ಕಳ ಪುಟಕ್ಕೆ ಬರುವ ಕಥೆಗಳಲ್ಲಿ ಗುಣಗಳ ಪಟ್ಟಿ ಕೊಡುವ ಮೊದಲ ಸಾಲು ತೆಗೆದುಹಾಕಿದರೂ ಕಥೆ ನಿಲ್ಲುತ್ತದೆಯೇ ಎಂದು ನೋಡಿ, ನಿಲ್ಲುವುದಾದರೆ ಲೇಖಕರ ಒಪ್ಪಿಗೆ ಪಡೆದು ಆ ಸಾಲನ್ನು ಬಿಟ್ಟೇ ಪ್ರಕಟಿಸಬೇಕು. ಕೊನೆಯ "ನೀತಿ"ಯ ಜಾಗದಲ್ಲಿ "ಇವನು ಎಂಥವನು? ಹಾಗೆಂದು ನಿಮಗೆ ಯಾವ ಸಾಲಿನಿಂದ ತಿಳಿಯಿತು?" ಎಂಬ ಎರಡು ಪ್ರಶ್ನೆಗಳನ್ನು ಹಾಕಿ, ಬಂದ ಉತ್ತರಗಳಲ್ಲಿ ಒಂದಕ್ಕೊಂದು ಒಪ್ಪದ ಎರಡನ್ನು ಮುಂದಿನ ವಾರ ಅಕ್ಕಪಕ್ಕದಲ್ಲಿ ಅಚ್ಚು ಮಾಡಬಹುದು. ಬರುವ ಬೇಸಿಗೆ ರಜೆಗೆ ಮಕ್ಕಳ ಕಥಾಸ್ಪರ್ಧೆಯನ್ನು ಏರ್ಪಡಿಸುವುದಾದರೆ ಗುಣವಾಚಕಗಳಿಲ್ಲದೆ ಒಬ್ಬರ ಸ್ವಭಾವವನ್ನು ತೋರಿಸಬೇಕೆಂಬ ನಿಯಮವನ್ನು ಇಟ್ಟು ನೋಡಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರ ಭಾಗದ ಶಾಲೆಗಳಿಗೆ ವಿಷಯ ಮುಟ್ಟಿಸುವ, ಬಂದ ಕಥೆಗಳನ್ನು ಮೊದಲ ಸುತ್ತಿನಲ್ಲಿ ಓದಿ ಕೊಡುವ ಕೆಲಸವನ್ನು ಇಲ್ಲಿನ ನಾವು ಕೆಲವು ನಿವೃತ್ತ ಶಿಕ್ಷಕರು ಸಂತೋಷದಿಂದ ವಹಿಸಿಕೊಳ್ಳುತ್ತೇವೆ. ಬಹುಮಾನವಾಗಿ ಹಣದ ಬದಲು ಪುಸ್ತಕಗಳನ್ನೇ ಕೊಡಬೇಕೆಂಬುದು ನಮ್ಮ ಸಲಹೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ